ಬೆನ್ನಿಗೊಂದು ಚೀಲ, ಬಾಗಳಿಗೊಂದು ಬಸ್ಸು

ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ಬೆನ್ನಿಗೊಂದು ಚೀಲ ಏರಿಸಿ ಬ್ಯಾಂಕಾಕ್, ಹನೋಯ್, ಸಿಯೆಮ್ ರೀಪ್ ಎಂದು ಹೊರಡುವ ಕಾಲವಿದು. ಕಾಂಬೋಡಿಯಾದ ಸಿಯೆಮ್ ರೀಪ್ ಪಟ್ಟಣದ ಪಕ್ಕದಲ್ಲೇ ಜಗತ್ಪ್ರಸಿದ್ಧ ಆಂಗ್‌ಕೋರ್ ದೇಗುಲಗಳಿವೆ. 2017ರಿಂದ ಅಲ್ಲಿ ವಿದೇಶಿಯರಿಗೆ ಒಂದು ದಿನದ ಟಿಕೆಟ್ 37 ಡಾಲರ್, ಮೂರು ದಿನಕ್ಕೆ 62 ಡಾಲರ್. ವಿಮಾನದ ಖರ್ಚು ಬೇರೆ. ಮಕ್ಕಳಿಗೆ ಹೋಗುವ ಆಸೆ, ಹೆತ್ತವರಿಗೆ ದುಡ್ಡಿನ ಚಿಂತೆ. ಅದಕ್ಕಿಂತ ದೊಡ್ಡದಾಗಿ, ‘ಇವರು ತಾವಾಗಿಯೇ ಹೋಗಿ ಬಂದಾರೆಯೆ?’ ಎಂಬ ಭಯ. ಎರಡೂ ನ್ಯಾಯವೇ. ಈ ಎರಡಕ್ಕೂ ಉತ್ತರವಾಗಬಲ್ಲ ಒಂದು ಊರು ನಮ್ಮಲ್ಲೇ ಇದೆ. ಅದು ಹರಪನಹಳ್ಳಿ ತಾಲ್ಲೂಕಿನ ಬಾಗಳಿ.

ಬಾಗಳಿಯ ಕಲ್ಲೇಶ್ವರ ಗುಡಿ ಕಟ್ಟಲು ತೊಡಗಿದ್ದು ಹತ್ತನೆಯ ಶತಮಾನದ ನಡುವಿನಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ. 973ರಲ್ಲಿ ಎರಡನೆಯ ತೈಲಪ ರಾಷ್ಟ್ರಕೂಟರನ್ನು ಸೋಲಿಸಿ ಕಲ್ಯಾಣದ ಚಾಲುಕ್ಯ ವಂಶವನ್ನು ನೆಲೆಗೊಳಿಸಿದ. ರಾಜ್ಯ ಕೈ ಬದಲಾಯಿಸಿತು, ಉಳಿಪೆಟ್ಟು ನಿಲ್ಲಲಿಲ್ಲ. ದುಗ್ಗಿಮಯ್ಯ ಎಂಬಾತ ಗುಡಿ ಕಟ್ಟಿಸಿದ ವಿಷಯ ತೈಲಪನ ಆಳ್ವಿಕೆಯ 987ರ ಶಾಸನದಿಂದ ತಿಳಿಯುತ್ತದೆ. ಅತ್ತ ಆಂಗ್‌ಕೋರ್ ಬಳಿಯ ಬಾಂತೇ ಸ್ರೇ ಎಂಬ ಕೆಂಪುಕಲ್ಲಿನ ಶಿವಾಲಯ ಪ್ರತಿಷ್ಠೆಯಾದದ್ದು 967ರಲ್ಲಿ. ಅದನ್ನು ಕಟ್ಟಿಸಿದವನೂ ರಾಜನಲ್ಲ, ಯಜ್ಞವರಾಹನೆಂಬ ಆಸ್ಥಾನಿಕ. ಎರಡರ ನಡುವೆ ಇಪ್ಪತ್ತೇ ವರ್ಷ. ಜಗತ್ತೆಲ್ಲ ನೋಡಲು ಹೋಗುವ ಆಂಗ್‌ಕೋರ್ ವಾಟ್ ಬಾಗಳಿಗಿಂತ ನೂರು ವರ್ಷಕ್ಕೂ ಹೆಚ್ಚು ಕಿರಿಯದು. ಆದರೂ ಇಲ್ಲಿ ಟಿಕೆಟ್ ಕೌಂಟರ್ ಇಲ್ಲ, ಸರತಿ ಸಾಲೂ ಇಲ್ಲ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಈ ಗುಡಿಯನ್ನು ಇಡೀ ಬೆಳಗು ನಿಮ್ಮದೇ ಎಂಬಂತೆ ನೋಡಬಹುದು.

ಹಾಗೆಂದು ಇದು ಆಂಗ್‌ಕೋರ್‌ಗೆ ಬದಲಿಯಲ್ಲ. ಅಲ್ಲಿಗೆ ಖಂಡಿತ ಹೋಗಿ. ಆದರೆ ನೋಡುವುದನ್ನು ಕಲಿಯದೆ ಹೋದವರು ಎಲ್ಲಿಗೆ ಹೋದರೂ ತಮ್ಮದೇ ಫೋಟೋ ತೆಗೆದುಕೊಂಡು ಬರುತ್ತಾರೆ. ಕಲಿಯಲು ಬಾಗಳಿಯಂಥ ಶಾಲೆ ಇನ್ನೊಂದಿಲ್ಲ. ಇಲ್ಲಿ ತಪ್ಪು ಮಾಡಿದರೆ ನಷ್ಟವಾಗುವುದು ಒಂದು ಬಸ್ಸು ಮಾತ್ರ.

ಮೊದಲ ದಿನ: ಬಾಗಳಿ

ಹರಪನಹಳ್ಳಿಯಿಂದ ಬಾಗಳಿ ಹತ್ತು ಕಿ.ಮೀ.ಗೂ ಕಡಿಮೆ. ಗುಡಿ ಪೂರ್ವಾಭಿಮುಖವಾದ್ದರಿಂದ ಬೆಳಗಿನ ಹೊತ್ತಿಗೇ ತಲುಪಿ. ಹೋದ ಕೂಡಲೇ ಒಳಗೆ ನುಗ್ಗಬೇಡಿ. ಒಮ್ಮೆ ಸುತ್ತ ಬನ್ನಿ. ಗರ್ಭಗುಡಿ ಎಲ್ಲಿ ಮುಗಿಯಿತು, ಮಂಟಪ ಎಲ್ಲಿ ಶುರುವಾಯಿತು ಎಂದು ನೋಟ್‌ಪುಸ್ತಕದಲ್ಲಿ ಒಂದು ನಕ್ಷೆ ಗೀಚಿ. ಚಿತ್ರ ಸೊಟ್ಟಗಾದರೂ ಚಿಂತೆಯಿಲ್ಲ. ಗೀಚುವ ಕೈ ಕಣ್ಣನ್ನು ನಿಲ್ಲಿಸುತ್ತದೆ.

ಎರಡನೆಯ ಕೆಲಸ, ಮಂಟಪದ ಕಂಬಗಳನ್ನು ಎಣಿಸುವುದು. ಎಷ್ಟೆಂದು ಇಲ್ಲಿ ಹೇಳುವುದಿಲ್ಲ, ನೀವೇ ಎಣಿಸಿ. ಎಣಿಸುವಾಗ ಒಂದರಂತೆ ಇನ್ನೊಂದಿದೆಯೇ ಎಂದು ಹೋಲಿಸಿ. ಮೂರನೆಯದು, ಮೂರ್ತಿಗಳ ಗುರುತು ಹಿಡಿಯುವುದು. ಉಮಾಮಹೇಶ್ವರ, ಗಣಪತಿ, ಕಾರ್ತಿಕೇಯ, ಸೂರ್ಯ, ಅನಂತಶಯನ, ಸರಸ್ವತಿ, ಮಹಿಷಮರ್ದಿನಿ ಎಲ್ಲರೂ ಇಲ್ಲಿದ್ದಾರೆ. ಎರಡೂ ಕೈಯಲ್ಲಿ ಕಮಲ ಹಿಡಿದವನು ಸೂರ್ಯ, ಹಾವಿನ ಮೇಲೆ ಮಲಗಿದವನು ಅನಂತಶಯನ, ಕೋಣನನ್ನು ಇರಿಯುತ್ತಿರುವವಳು ಮಹಿಷಮರ್ದಿನಿ. ಹೀಗೆ ನಾಲ್ಕು ಗುರುತು ಕಲಿತವರಿಗೆ ಹಂಪಿಯೂ ಬೇಲೂರೂ ಆಂಗ್‌ಕೋರೂ ಓದಲು ಬರುತ್ತವೆ. ಹೊರಭಾಗದಲ್ಲಿ ಮಿಥುನ ಶಿಲ್ಪಗಳೂ ಇವೆ. ತಂದೆತಾಯಿಗಳು ಮುಜುಗರಪಟ್ಟು ಮಕ್ಕಳನ್ನು ಆಚೆ ಎಳೆಯಬೇಕಾಗಿಲ್ಲ. ಸಾವಿರ ವರ್ಷದ ಹಿಂದಿನ ಊರವರು ಇದನ್ನೂ ಬದುಕಿನ ಭಾಗವೆಂದು ಗುಡಿಯ ಮೇಲೆಯೇ ಇಟ್ಟರು ಎಂದಷ್ಟು ಹೇಳಿದರೆ ಸಾಕು.

ನಾಲ್ಕನೆಯ ಕೆಲಸವೇ ಮುಖ್ಯವಾದದ್ದು: ಶಾಸನ ನೋಡುವುದು. ಈ ನೆಲೆಯಲ್ಲಿ 36 ಶಾಸನಗಳು ದೊರೆತಿವೆ. ಸಾಮಾನ್ಯವಾಗಿ ದಾನಶಾಸನದ ಕಲ್ಲಿನ ತಲೆಯ ಮೇಲೆ ಸೂರ್ಯ, ಚಂದ್ರ, ಲಿಂಗ, ಹಸು ಕರು ಇರುತ್ತವೆ. ಸೂರ್ಯ ಚಂದ್ರರಿರುವವರೆಗೆ ಈ ದಾನ ನಡೆಯಲಿ ಎಂಬುದು ಓದು ಬಾರದವರಿಗಾಗಿ ಕೊರೆದ ಚಿತ್ರ. ಅಕ್ಷರಗಳು ಹಳಗನ್ನಡದವು. ತಾಳ್ಮೆಯಿಂದ ನಿಂತರೆ ‘ಶ್ರೀ’, ‘ಸ್ವಸ್ತಿ’ ಮುಂತಾದ ಪದಗಳಲ್ಲಿ ಒಂದೆರಡು ಅಕ್ಷರ ಪರಿಚಯದವರಂತೆ ಮುಖ ತೋರುತ್ತವೆ. ಶಕ ವರ್ಷ ಸಿಕ್ಕರೆ 78 ಕೂಡಿಸಿ, ಕ್ರಿ.ಶ. ಸಿಗುತ್ತದೆ. ಶಕ 909 ಎಂದರೆ 987. ಹಳೆಯ ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳ ಸಂಪುಟ 1939ರಲ್ಲೇ ಅಚ್ಚಾಗಿದೆ. ದೊಡ್ಡ ಗ್ರಂಥಾಲಯಗಳಲ್ಲಿ ಸಿಗುತ್ತದೆ. ಅದಕ್ಕೂ ಮುಂಚೆ, 1896ರಲ್ಲಿ, ಅಲೆಗ್ಸಾಂಡರ್ ರೀ ಎಂಬ ಬ್ರಿಟಿಷ್ ಅಧಿಕಾರಿ ಬಳ್ಳಾರಿ ಸೀಮೆಯ ಚಾಲುಕ್ಯ ಗುಡಿಗಳನ್ನು ಅಳೆದು, ನಕ್ಷೆ ತೆಗೆದು ಪುಸ್ತಕ ಮಾಡಿದ. ದೂರದಿಂದ ಬಂದವನು ಅಳೆದುಹೋದ ಕಂಬಗಳನ್ನು ಹತ್ತಿರದ ಊರಿನ ಎಷ್ಟು ಮಕ್ಕಳು ಮುಟ್ಟಿ ನೋಡಿದ್ದಾರೆ?

ಮುಟ್ಟುವ ಮಾತು ಬಂತು. ಅಕ್ಷರ ಕಾಣಲೆಂದು ಸೀಮೆಸುಣ್ಣ ಬಳಿಯುವುದು, ಎಣ್ಣೆ ಹಚ್ಚುವುದು, ಹೆಸರು ಕೆತ್ತುವುದು ಕೂಡದು. ಸಂರಕ್ಷಿತ ಸ್ಮಾರಕವನ್ನು ಕೆಡಿಸಿದರೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು 2010ರ ತಿದ್ದುಪಡಿ ಹೇಳುತ್ತದೆ. ಕಾನೂನಿಗಿಂತ ಹೆಚ್ಚಾಗಿ, ಕಲ್ಲಿನ ಮೇಲಿನ ಅಕ್ಷರ ಒಮ್ಮೆ ಸವೆದರೆ ಮತ್ತೆ ಹುಟ್ಟುವುದಿಲ್ಲ.

ಗುಡಿ ನೋಡಿ ಮುಗಿದ ಮೇಲೆ ಊರೊಳಗೆ ಹೋಗಿ. ಹಿರಿಯರು ಕಟ್ಟೆಯ ಮೇಲೆ ಕುಳಿತಿದ್ದರೆ ನಮಸ್ಕಾರ ಹೇಳಿ ಒಂದು ಪ್ರಶ್ನೆ ಕೇಳಿ: ‘ಯಜಮಾನ್ರೇ, ನಿಮ್ಮ ತಾಲ್ಲೂಕು ಯಾವ ಜಿಲ್ಲೆ?’ ಉತ್ತರ ಸ್ವಾರಸ್ಯವಾಗಿರುತ್ತದೆ. 1953ರವರೆಗೆ ಮದರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆ. 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆ. ಬಳಿಕ ಮರಳಿ ಬಳ್ಳಾರಿ. 2021ರಿಂದ ವಿಜಯನಗರ ಜಿಲ್ಲೆ. ಊರು ಕದಲಲಿಲ್ಲ, ವಿಳಾಸ ಮಾತ್ರ ಬದಲಾಯಿತು. ರಾಷ್ಟ್ರಕೂಟರು ಹೋಗಿ ಚಾಲುಕ್ಯರು ಬಂದಾಗಲೂ ಇಲ್ಲಿನವರಿಗೆ ಹೀಗೇ ಅನಿಸಿತ್ತೇನೋ!

ಎರಡನೆಯ ದಿನ: ಹೊಳೆಯ ದಂಡೆ

ರಾತ್ರಿ ಹರಪನಹಳ್ಳಿಯಲ್ಲಿ ತಂಗಿ, ಮರುದಿನ ಹೂವಿನಹಡಗಲಿ ತಾಲ್ಲೂಕಿನ ಕುರುವತ್ತಿಗೆ ಹೋಗಿ. ತುಂಗಭದ್ರೆಯ ದಂಡೆಯ ಮಲ್ಲಿಕಾರ್ಜುನ ಗುಡಿಯಲ್ಲಿ ಕಂಬಕ್ಕೆ ಆನಿಸಿದಂತಿರುವ ನರ್ತಕಿಯರ ಶಿಲ್ಪಗಳಿವೆ. ಬೇಲೂರಿನ ಶಿಲಾಬಾಲಿಕೆಯರಿಗೆ ಇವರು ಅಕ್ಕಂದಿರು. ವಾಸಿಯಾಗದ ರೋಗಕ್ಕೆ ತುತ್ತಾದ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರ 1068ರಲ್ಲಿ ಹೊಳೆಗಿಳಿದು ಪ್ರಾಣಬಿಟ್ಟದ್ದು ಈ ಕುರುವತ್ತಿಯಲ್ಲೇ. ನೀವು ಮಾತ್ರ ದಂಡೆಯಲ್ಲಿ ಕುಳಿತು ಬುತ್ತಿ ಬಿಚ್ಚಿ. ಈಜು ಬಂದರೂ ಗೊತ್ತಿಲ್ಲದ ಹೊಳೆಗೆ ಇಳಿಯಬೇಡಿ. ಅದೇ ತಾಲ್ಲೂಕಿನ ಮೈಲಾರವೂ ಹೊಳೆದಂಡೆಯದೇ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುವುದನ್ನು ಕೇಳಲು ಲಕ್ಷಾಂತರ ಜನ ಸೇರುತ್ತಾರೆ. ಮೊದಲ ಸಲ ಹೊರಟವರು ಜಾತ್ರೆಯ ದಿನ ಬಿಟ್ಟು ಹೋಗುವುದು ಒಳ್ಳೆಯದು.

ಮೂರನೆಯ ದಿನ: ಕೊಟ್ಟೂರು, ಕೊಕ್ಕರೆ

ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರನ ದರ್ಶನ, ನಂತರ ಮಂಡಕ್ಕಿ ಮಿರ್ಚಿ. ಸಮೀಪದ ಅಂಬಳಿಯ ಕಲ್ಲೇಶ್ವರ ಗುಡಿ 1083ರದು, ಆರನೆಯ ವಿಕ್ರಮಾದಿತ್ಯನ ಕಾಲದ್ದು. ಬಾಗಳಿಯ ನಕ್ಷೆಯನ್ನು ಕೈಯಲ್ಲಿ ಹಿಡಿದೇ ಇಲ್ಲಿ ನಿಲ್ಲಿ. ನೂರು ವರ್ಷದಲ್ಲಿ ಶಿಲ್ಪಿಗಳ ಕೈ ಎಷ್ಟು ಪಳಗಿತು, ಏನನ್ನು ಬಿಟ್ಟಿತು, ಏನನ್ನು ಉಳಿಸಿಕೊಂಡಿತು ಎಂಬುದು ಪುಸ್ತಕವಿಲ್ಲದೆ ತಿಳಿಯುತ್ತದೆ.

ಸಂಜೆಗೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ. ಕೆರೆಯೊಳಗಿನ ಕರಿಜಾಲಿ ಮರಗಳಲ್ಲಿ ಬಣ್ಣದ ಕೊಕ್ಕರೆ, ಬಿಳಿ ಕೆಂಬರಲು ಮೊದಲಾದ ಹಕ್ಕಿಗಳು ಗೂಡು ಕಟ್ಟುತ್ತವೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂದು ಘೋಷಿತವಾದ ಈ ಕೆರೆಗೆ 2024ರಲ್ಲಿ ರಾಮ್‌ಸರ್ ಪಟ್ಟಿಯ ಗೌರವವೂ ಬಂತು. ನೀರಾವರಿಗೆಂದು ಹಿಂದಿನವರು ಕಟ್ಟಿದ ಕೆರೆ ಹಕ್ಕಿಗಳಿಗೂ ಮನೆಯಾಯಿತು. ಇಲ್ಲಿ ಮಾಡಬೇಕಾದ ಕೆಲಸ ಒಂದೇ: ಗಲಾಟೆ ಮಾಡದೆ ಒಂದು ಗಂಟೆ ಕೂರುವುದು.

ಹೆತ್ತವರಿಗೆ ಎರಡು ಮಾತು

ಮೂರ್ನಾಲ್ಕು ಜನ ಸೇರಿ ಹೋಗಲಿ. ಎರಡು ಜೊತೆ ಬಟ್ಟೆ, ನೀರಿನ ಬಾಟಲಿ, ಟೋಪಿ, ಟಾರ್ಚು, ಗುರುತಿನ ಚೀಟಿ, ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಸಾಕು. ಚೀಲ ಹೊರುವವರೇ ಅದನ್ನು ತುಂಬಬೇಕು. ಅಮ್ಮ ತುಂಬಿದ ಚೀಲ ಯಾವಾಗಲೂ ಭಾರ. ದುಡ್ಡು ಒಟ್ಟಿಗೆ ಕೊಟ್ಟು ಬಂದಮೇಲೆ ಲೆಕ್ಕ ಕೇಳಿ. ಗಂಟೆಗೊಮ್ಮೆ ಫೋನು ಮಾಡಬೇಡಿ, ಕತ್ತಲಾಗುವ ಮೊದಲು ತಂಗುವ ಜಾಗ ತಲುಪಿ ಅವರೇ ತಿಳಿಸಲಿ ಎಂದು ಮಾತು ತೆಗೆದುಕೊಳ್ಳಿ. ಮಗನಿಗೆ ‘ಹೋಗಿ ಬಾ’ ಎಂದವರು ಮಗಳಿಗೆ ‘ಮದುವೆಯಾದ ಮೇಲೆ ಹೋಗು’ ಎನ್ನಬೇಡಿ. ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸುವುದು, ಅಪರಿಚಿತರಲ್ಲಿ ಯಾರನ್ನು ನಂಬಬೇಕೆಂದು ಅಳೆಯುವುದು, ಲಾಡ್ಜಿನಲ್ಲಿ ಬಾಗಿಲು ಭದ್ರವಿದೆಯೇ ಎಂದು ನೋಡುವುದು, ಇವೆಲ್ಲ ಇಬ್ಬರಿಗೂ ಬೇಕಾದ ವಿದ್ಯೆ. ನಮ್ಮ ಭಾಷೆ ಆಡುವ ಸೀಮೆಯಲ್ಲಿ ಇದನ್ನು ಕಲಿತ ಮಗಳು ನಾಳೆ ಭಾಷೆ ಬಾರದ ದೇಶದಲ್ಲೂ ದಾರಿ ಕಂಡುಕೊಳ್ಳುತ್ತಾಳೆ.

ಹೋಗುವುದು ಹೇಗೆ?

ದಾವಣಗೆರೆ, ಹರಿಹರ, ಹೊಸಪೇಟೆಗಳಿಂದ ಹರಪನಹಳ್ಳಿಗೆ ಬಸ್ಸುಗಳಿವೆ. ಹೊಸಪೇಟೆ-ಹರಿಹರ ರೈಲು ಮಾರ್ಗದಲ್ಲಿ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ನಿಲ್ದಾಣಗಳು ಸಿಗುತ್ತವೆ. ರೈಲುಗಳು ಕಡಿಮೆಯಾದ್ದರಿಂದ ಸಮಯ ವಿಚಾರಿಸಿ ಹೊರಡಿ. ಹಳ್ಳಿಗಳಲ್ಲಿ ಕೊನೆಯ ಬಸ್ಸು ಎಷ್ಟು ಹೊತ್ತಿಗೆಂದು ಇಳಿದ ಕೂಡಲೇ ಕಂಡಕ್ಟರನ್ನೇ ಕೇಳಿ. ಬಿಸಿಲಿನ ಸೀಮೆಯಿದು; ನವೆಂಬರಿನಿಂದ ಫೆಬ್ರವರಿವರೆಗೆ ಹಿತ.

ಮೂರು ದಿನದ ನಂತರ ಮಗ ಅಥವಾ ಮಗಳು ತಂದ ನೋಟ್‌ಪುಸ್ತಕವನ್ನು ತೆರೆದು ನೋಡಿ. ಸೊಟ್ಟ ನಕ್ಷೆ, ಕಂಬಗಳ ಲೆಕ್ಕ, ಒಂದೆರಡು ಹಳಗನ್ನಡ ಅಕ್ಷರ, ಬಸ್ಸಿನ ಖರ್ಚು ಇದ್ದರೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಲು ಅಡ್ಡಿಯಿಲ್ಲ.