ಲೇಪನ ಪ್ರಸಂಗ

ಜಗಳೂರಿನ ಬೇಸಗೆಯನ್ನು ಕಂಡವರಿಗೆ ಉಷ್ಣದ ವಿಚಾರವಾಗಿ ಉಪನ್ಯಾಸ ಬೇಕಾಗಿಲ್ಲ. ನಾನು ಆ ಊರಿಗೆ ಅಧ್ಯಾಪಕನಾಗಿ ಹೋದಾಗ, ಚನ್ನಗಿರಿಯಲ್ಲಿರುವ ನಮ್ಮ ತಂದೆಯವರು ಅಡಿಕೆ ಮಾರಿದ ಹಣದಿಂದ ಹೊನ್ನಾಳಿಯ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಕೊಡಿಸಿದ್ದರು. “ಜೋಪಾನ” ಎಂದಷ್ಟೇ ಹೇಳಿದ್ದರು. ಅದರ ಪ್ರೊಸೆಸರಿಗೆ ಮೂರು ವರ್ಷದ ವಾರಂಟಿ. ಜಗಳೂರಿನ ಬಿಸಿಲು, ಧೂಳುಗಳನ್ನು ಉಂಡು ನನ್ನೊಡನೆ ನ್ಯಾಮತಿಗೆ ಬಂದ ಆ ಯಂತ್ರವು, ಎರಡೂವರೆ ವರ್ಷ ತುಂಬುವಷ್ಟರಲ್ಲಿ ತಾನಾಗಿಯೇ ಆರಿಹೋಗತೊಡಗಿತು.

ಕಾರಣ ಸರಳ. ಪ್ರೊಸೆಸರಿನ ಲೋಹದ ಮುಚ್ಚಳವೂ ಅದರ ಮೇಲಿನ ಕೂಲರಿನ ತಳವೂ ಕಣ್ಣಿಗೆ ನುಣುಪಾಗಿದ್ದರೂ ಸೂಕ್ಷ್ಮವಾದ ಹಳ್ಳದಿಣ್ಣೆಗಳಿಂದ ಕೂಡಿರುತ್ತವೆ. ಆ ಸಂದುಗಳಲ್ಲಿ ನಿಲ್ಲುವ ಗಾಳಿಗಿಂತ ತಾಮ್ರವು 10,000 ಪಟ್ಟಿಗೂ ಮಿಗಿಲಾಗಿ ಶಾಖವನ್ನು ಸಾಗಿಸುತ್ತದೆ. ಹಂಚಿಗೆ ತಾಗದ ಕಡೆ ರೊಟ್ಟಿ ಬೇಯುವುದುಂಟೆ? ಸಂದುಗಳನ್ನು ತುಂಬಲೆಂದೇ ಥರ್ಮಲ್ ಪೇಸ್ಟ್ ಎಂಬ ಲೇಪ. ಅದು ಒಣಗಿದರೆ ಶಾಖ ಒಳಗೇ ಉಳಿಯುತ್ತದೆ. 100 ಡಿಗ್ರಿಯ ಆಸುಪಾಸಿನಲ್ಲಿ ಪ್ರೊಸೆಸರ್ ಮೊದಲು ನಿಧಾನಿಸಿ, ಅದೂ ಸಾಲದಾದಾಗ ಪ್ರಾಣರಕ್ಷಣೆಗಾಗಿ ಆರಿಹೋಗುತ್ತದೆ.

ಇಷ್ಟನ್ನು ಓದಿಕೊಂಡ ಎಂ.ಎ. ಪದವೀಧರನಿಗೆ ಅಂಗಡಿಯ ಹಂಗೇಕೆ? ತಿರುಪುಗಳನ್ನು ಬಿಚ್ಚಿದೆ. ಕೂಲರ್ ಕದಲಲಿಲ್ಲ. ಎರಡು ಕೈಗಳಿಂದಲೂ ಎಳೆದೆ. ಟಕ್ಕೆಂದು ಬಂದಿತು, ಗಟ್ಟಿಯಾದ ಲೇಪಕ್ಕೆ ಅಂಟಿಕೊಂಡ ಪ್ರೊಸೆಸರಿನ ಸಮೇತ! ಅದರ ಅಡಿಯಲ್ಲಿದ್ದ 1331 ಪಿನ್ನುಗಳಲ್ಲಿ ಒಂದು ಸಾಲು ಗಾಳಿಗೆ ಸಿಕ್ಕ ಜೋಳದ ಪೈರಿನಂತೆ ಮಲಗಿತ್ತು.

ಪೆಟ್ಟಿಗೆಯನ್ನು ಹಸುಗೂಸಿನಂತೆ ತೊಡೆಯ ಮೇಲಿರಿಸಿಕೊಂಡು ಹೊನ್ನಾಳಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ವಾದವನ್ನು ಸಿದ್ಧಪಡಿಸಿಕೊಂಡೆ: 2019ರ ಗ್ರಾಹಕ ಸಂರಕ್ಷಣಾ ಕಾಯಿದೆ, ದೂರಿಗೆ ಎರಡು ವರ್ಷದ ಅವಧಿ, ದಾವಣಗೆರೆಯ ಜಿಲ್ಲಾ ಆಯೋಗ. ಅಂಗಡಿಯಲ್ಲಿ ಕುಳಿತಿದ್ದವನು ನನ್ನ ಹಳೆಯ ವಿದ್ಯಾರ್ಥಿ! ಚೀಟಿ ಇಟ್ಟುಕೊಂಡಿದ್ದನೆಂದು ಒಮ್ಮೆ ಪರೀಕ್ಷೆಯ ಕೊಠಡಿಯಿಂದ ಅವನನ್ನು ಹೊರಗೆ ಕಳುಹಿಸಿದ್ದೆ.

“ತನ್ನಷ್ಟಕ್ಕೆ ತಾನೇ ಹೀಗಾಗಿದೆಯಪ್ಪ” ಎಂದೆ.

ಅವನು ಭೂತಗನ್ನಡಿಯಲ್ಲಿ ನೋಡಿದ. ನಗಲಿಲ್ಲ. “ಸರ್, ಬಗ್ಗಿದ ಪಿನ್ನಿಗೆ ವಾರಂಟಿ ಸಿಗಲ್ಲ. ನೋಡಿದ ಕೂಡಲೇ ವಾಪಸ್ ಕಳಿಸ್ತಾರೆ.”

“ಹೊಸ ಪೇಸ್ಟ್ ಹಚ್ಚಿದ್ದರೆ?”

“ಜೊತೇಲಿ ಬಂದ ಕೂಲರನ್ನೇ ಕೂರಿಸಿದ್ರೆ ಅದಕ್ಕೇನೂ ಆಗ್ತಿರಲಿಲ್ಲ. ಪೇಸ್ಟ್ ತಪ್ಪಲ್ಲ ಸರ್, ಕಿತ್ತಿದ್ದು ತಪ್ಪು.”

(ಗ್ಯಾಲಿಯಂ ಬೆರೆತ ದ್ರವಲೋಹದ ಲೇಪದ ಮಾತು ಬೇರೆ. ಅದು ಅಲ್ಯೂಮಿನಿಯಮನ್ನು ತಿಂದುಹಾಕುತ್ತದೆ, ಮುಚ್ಚಳದ ಮೇಲಿನ ಅಕ್ಷರಗಳನ್ನೂ ಅಳಿಸಬಲ್ಲದು. ಗುರುತೇ ಅಳಿದ ಮೇಲೆ ವಾರಂಟಿ ಕೇಳುವುದು ಹೇಗೆ?)

ಕಡ್ಡಿಯಿಲ್ಲದ ಸೀಸದ ಪೆನ್ಸಿಲಿನ ತುದಿಯಿಂದ ಒಂದೊಂದೇ ಪಿನ್ನನ್ನು ನೇರಮಾಡುತ್ತ ಅವನು ಗಂಟೆಗೂ ಮೀರಿ ಕುಳಿತ. ಯಂತ್ರಕ್ಕೆ ಜೀವ ಬಂದಿತು. ಪೇಸ್ಟಿನ ಬೆಲೆಯನ್ನಲ್ಲದೆ ಬಿಡಿಗಾಸನ್ನೂ ಕೇಳಲಿಲ್ಲ. “ಮುಂದಿನ ಸಲ ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಆಮೇಲೆ ಆರಿಸಿ, ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಎತ್ತಿ ಸರ್” ಎಂದ.

ಮೆಟ್ಟಿಲಿಳಿಯುವಾಗ ತಡೆಯಲಾರದೆ ಹೇಳಿದೆ: “ಎಳೆದವನು ನಾನೇ ಕಣಪ್ಪ.”

“ಗೊತ್ತಾಯ್ತು ಸರ್.”

ಚೀಟಿಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಆ ಭಾನುವಾರ ತಂದೆಯವರು ಫೋನಿನಲ್ಲಿ “ಯಂತ್ರ ಹೇಗಿದೆಯೋ?” ಎಂದು ಕೇಳಿದರು. “ತಣ್ಣಗಿದೆ ಅಪ್ಪಾ” ಎಂದೆ.