ಬಿಚ್ಚಲು ಬರುವ ಲ್ಯಾಪ್‌ಟಾಪ್

ಹೊಸ ಲ್ಯಾಪ್‌ಟಾಪ್ ಆರ್ಡರ್ ಮಾಡುವ ಪುಟದಲ್ಲಿ ಒಂದೊಂದು ಆಯ್ಕೆ ಒತ್ತಿದಾಗಲೂ ಬೆಲೆ ಮೇಲೇರುತ್ತದೆ. ಐ5 ಇದ್ದ ಪ್ರೊಸೆಸರ್ ಐ7 ಆಗುತ್ತದೆ, 8 ಜಿಬಿ ಇದ್ದ ರ‍್ಯಾಮ್ 16 ಆಗುತ್ತದೆ, 512 ಜಿಬಿಯ ಎಸ್‌ಎಸ್‌ಡಿ 1 ಟಿಬಿ ಆಗುತ್ತದೆ, ಒಂದು ವರ್ಷದ ವಾರಂಟಿ ಮೂರಾಗುತ್ತದೆ. ಎಲ್ಲದಕ್ಕೂ ಹೂಂ ಅಂದರೆ ಎತ್ತಿಟ್ಟ ದುಡ್ಡು ಸಾಲುವುದಿಲ್ಲ. ಎಲ್ಲವನ್ನೂ ಬೇಡ ಅಂದರೆ ಎರಡು ವರ್ಷಕ್ಕೇ ಏದುಸಿರು ಬಿಡುವ ಯಂತ್ರ ಮನೆಗೆ ಬರುತ್ತದೆ. ಅಡಿಕೆ ಮಾರಿದ ದುಡ್ಡಿನಲ್ಲೋ ಚೀಟಿ ಎತ್ತಿಯೋ ಮಕ್ಕಳಿಗೆ ಕೊಡಿಸುವ ವಸ್ತುವಿದು. ಇಲ್ಲಿ ಒಂದು ಸಾವಿರ ರೂಪಾಯಿಯೂ ತಪ್ಪು ಜಾಗಕ್ಕೆ ಹೋಗಬಾರದು.

ನಮ್ಮ ಬಳಗದಲ್ಲಿ ಯಾರಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿದರೂ ಈ ಪುಟದ ಸ್ಕ್ರೀನ್‌ಶಾಟ್ ನನ್ನ ವಾಟ್ಸ್ಆ್ಯಪ್‌ಗೆ ಬರುತ್ತದೆ. ದಿನವಿಡೀ ಕನ್ನಡ ಟೈಪ್ ಮಾಡಿ, ಪುಸ್ತಕಗಳ ಪುಟ ಕಟ್ಟಿ ಜೀವನ ಮಾಡುವವಳು ನಾನು. ಯಂತ್ರದ ಹೊಟ್ಟೆ ಬಿಚ್ಚಿ ನೋಡುವುದೂ ರೂಢಿಯಾಗಿದೆ. ಈ ಸಲ ಸಾಗರದಿಂದ ತಂಗಿಯ ಮಗಳು ಫೋನ್ ಮಾಡಿದಳು. ಎಲೆಕ್ಟ್ರಾನಿಕ್ಸ್ ಓದಲು ಹೊರಟವಳು. “ದೊಡ್ಡಮ್ಮ, ಅಪ್ಪ 65 ಸಾವಿರ ಅಂದಿದಾರೆ. ಐ7 ತಗೊಳ್ಳಲೋ, 16 ಜಿಬಿ ತಗೊಳ್ಳಲೋ? ಎರಡೂ ಅಂದ್ರೆ ಆಗಲ್ಲ.”

“ಅದರಲ್ಲಿ ಯಾವುದನ್ನ ಆಮೇಲೆ ಹಾಕಿಸ್ಕೋಬಹುದು, ಯಾವುದನ್ನ ಆಗಲ್ಲ, ನೋಡಿದೀಯೇನೇ?” ಎಂದೆ.

ಆಯ್ಕೆಯ ಪುಟ ಇದನ್ನು ಬಿಡಿಸಿ ಹೇಳುವುದಿಲ್ಲ. ಅಲ್ಲಿ ಎಲ್ಲ ಭಾಗಗಳೂ ಒಂದೇ ಸಾಲಿನಲ್ಲಿ ಸರಿಸಮನಾಗಿ ನಿಂತಿರುತ್ತವೆ. ಒಳಗಿನ ಸ್ಥಿತಿ ಬೇರೆ. ಇವತ್ತಿನ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರನ್ನೂ ಗ್ರಾಫಿಕ್ಸ್ ಚಿಪ್ಪನ್ನೂ ಮದರ್‌ಬೋರ್ಡ್‌ಗೆ ಬೆಸುಗೆ ಹಾಕಿಬಿಟ್ಟಿರುತ್ತಾರೆ. ಎಸ್‌ಎಸ್‌ಡಿ ಬಹುಪಾಲು ಯಂತ್ರಗಳಲ್ಲಿ ಒಂದೇ ಸ್ಕ್ರೂ ಹಿಡಿದು ಕೂತಿರುತ್ತದೆ. ಬ್ಯಾಟರಿಯನ್ನು ಮೂರ್ನಾಲ್ಕು ಸ್ಕ್ರೂ ತೆಗೆದು ಬದಲಿಸಬಹುದು. ಗೊಂದಲವೆಲ್ಲ ಇರುವುದು ರ‍್ಯಾಮ್ ವಿಷಯದಲ್ಲಿ.

ರ‍್ಯಾಮ್ ಎರಡು ಬಗೆಯಲ್ಲಿ ಬರುತ್ತದೆ. ಒಂದು, ಸ್ಲಾಟ್‌ಗೆ ಸಿಕ್ಕಿಸುವ ಬಿಡಿ ಕಾರ್ಡು. ಇನ್ನೊಂದು, ಬೋರ್ಡಿಗೇ ಬೆಸೆದದ್ದು. ಬೆಸೆದದ್ದಕ್ಕೆ ಗುಣವಿಲ್ಲ ಎಂದಲ್ಲ. ಅದು ಕಡಿಮೆ ವಿದ್ಯುತ್ ಬಳಸುತ್ತದೆ, ವೇಗವೂ ಹೆಚ್ಚು, ಯಂತ್ರ ತೆಳ್ಳಗಾಗುತ್ತದೆ. ಆ್ಯಪಲ್ 2008ರ ಮೊದಲ ಮ್ಯಾಕ್‌ಬುಕ್ ಏರ್‌ನಲ್ಲೇ ಹೀಗೆ ಮಾಡಿತ್ತು. 2020ರಲ್ಲಿ ಎಂ1 ಬಂದಾಗ ರ‍್ಯಾಮ್ ಪ್ರೊಸೆಸರಿನ ಮಗ್ಗುಲಿಗೇ ಹೋಗಿ ಕೂತಿತು. ಉಳಿದ ಕಂಪನಿಗಳ ತೆಳು ಮಾದರಿಗಳೂ ಅದೇ ದಾರಿ ಹಿಡಿದಿವೆ. ಆದರೆ ಇಂಥ ಯಂತ್ರವನ್ನು 8 ಜಿಬಿಯಲ್ಲಿ ಕೊಂಡರೆ ಅದು ಸಾಯುವವರೆಗೂ 8 ಜಿಬಿಯೇ. ವಿಂಡೋಸ್ ತನ್ನ ಪಾಲು ತಿಂದು, ಬ್ರೌಸರ್‌ನಲ್ಲಿ ಹದಿನೈದು ಟ್ಯಾಬ್ ತೆರೆದು, ಪಕ್ಕದಲ್ಲಿ ಆನ್‌ಲೈನ್ ಕ್ಲಾಸು ಓಡುತ್ತಿದ್ದರೆ ಉಳಿಯುವುದು ಅಲ್ಪಸ್ವಲ್ಪ. ಆ್ಯಪಲ್ ಕೂಡ 2024ರ ಅಕ್ಟೋಬರ್‌ನಲ್ಲಿ ಏರ್‌ನ ಆರಂಭದ ಅಳತೆಯನ್ನು 8ರಿಂದ 16 ಜಿಬಿಗೆ ಏರಿಸಿತು.

ಸ್ಲಾಟ್ ಇರುವ ಯಂತ್ರದ ಕತೆ ಬೇರೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ಈ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ಕೌಂಟರಿನ ಮೇಲೆ ಲ್ಯಾಪ್‌ಟಾಪ್ ಬೋರಲು ಹಾಕಿ, ಹುಡುಗ ಸ್ಕ್ರೂಗಳನ್ನು ಅವು ಇದ್ದ ಕ್ರಮದಲ್ಲೇ ಕಾಗದದ ಮೇಲೆ ಜೋಡಿಸಿದ. ತೆಳ್ಳನೆಯ ಪ್ಲಾಸ್ಟಿಕ್ ಬಿಲ್ಲೆಯನ್ನು ಅಂಚಿನ ಸಂದಿಗೆ ತೂರಿಸಿ ಸುತ್ತ ಎಳೆದಾಗ ಟಕ್ ಟಕ್ ಎಂದು ಕ್ಲಿಪ್ಪುಗಳು ಬಿಟ್ಟುಕೊಂಡವು. ಮೊದಲು ಬ್ಯಾಟರಿಯ ವೈರು ಬಿಡಿಸಿದ. ಆಮೇಲೆ ಕಾರ್ಡನ್ನು ಓರೆಯಾಗಿ ಸ್ಲಾಟ್‌ಗೆ ಇಳಿಸಿ ಹೆಬ್ಬೆರಳಲ್ಲಿ ಒತ್ತಿದ; ಎರಡೂ ಬದಿಯ ಕೊಂಡಿಗಳು ತಾವಾಗಿ ಬಂದು ಕಚ್ಚಿಕೊಂಡವು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹಳೆಯ ಯಂತ್ರಕ್ಕೆ ಹೊಸ ಆಯುಸ್ಸು ಬಂದಿತ್ತು. ಇಂಥ ಕೆಲಸಕ್ಕೆ ಅವಕಾಶ ಕೊಡುವ ಯಂತ್ರವನ್ನು ನಾನು ಗೌರವದಿಂದ ನೋಡುತ್ತೇನೆ.

ಮೊದಲೆಲ್ಲ ನನ್ನ ಸಲಹೆ ಸುಲಭವಾಗಿತ್ತು: ಸ್ಲಾಟ್ ಇದ್ದರೆ 8 ಜಿಬಿಯಲ್ಲೇ ತಗೊಳ್ಳಿ, ಉಳಿದದ್ದನ್ನು ಹೊರಗೆ ಅಗ್ಗಕ್ಕೆ ಹಾಕಿಸಿ. 2025ರ ಕೊನೆಯಿಂದ ಈ ಮಾತು ಹಾಗೇ ಹೇಳಲು ಬರುವುದಿಲ್ಲ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಚಿಪ್‌ಗಳ ಬೆಲೆ ವಿಪರೀತ ಏರಿತು. ಹಾಗಾಗಿ ಕಂಪನಿ ಕೇಳುವ ಹೆಚ್ಚುವರಿ ಬೆಲೆಯನ್ನೂ ಅಂಗಡಿಯ ಬೆಲೆಯನ್ನೂ ಅದೇ ದಿನ ಅಕ್ಕಪಕ್ಕ ಇಟ್ಟು ನೋಡಬೇಕು.

ಇನ್ನು ಐ7. ಆ ಏಳರ ಮೇಲೆ ನಮ್ಮವರಿಗೆ ಬಲು ಮೋಹ. ಇಂಟೆಲ್‌ನ 13ನೇ ತಲೆಮಾರಿನ ಐ5-1335ಯು ಮತ್ತು ಐ7-1355ಯು ಪ್ರೊಸೆಸರ್‌ಗಳನ್ನು ಎದುರುಬದುರು ಇಟ್ಟು ನೋಡಿ. ಎರಡರಲ್ಲೂ 10 ಕೋರ್, 12 ಥ್ರೆಡ್. ಗರಿಷ್ಠ ವೇಗ ಒಂದರದು 4.6 ಗಿಗಾಹರ್ಟ್ಸ್, ಇನ್ನೊಂದರದು 5. ತೆಳು ಯಂತ್ರದ ಶಾಖದಲ್ಲಿ ಆ ಗರಿಷ್ಠ ವೇಗ ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. ಎಎಂಡಿ ಕಡೆ ಹೋದರೆ ಅಂಕಿಗಳನ್ನು ಇನ್ನೂ ಹುಷಾರಾಗಿ ಓದಬೇಕು. ರೈಜೆನ್ 5 7520ಯು ಎಂಬ ಹೆಸರಿನ ಮೊದಲ 7 ನೋಡಿ ಹೊಸದು ಎನಿಸುತ್ತದೆ. ವಿನ್ಯಾಸ ಯಾವ ಕಾಲದ್ದು ಎಂಬುದನ್ನು ಹೇಳುವುದು ಮೂರನೆಯ ಅಂಕಿ. ಅಲ್ಲಿರುವ 2 ಎಂದರೆ 2019ರಲ್ಲಿ ಬಂದ ಜೆನ್ 2. ಅದೇ 7530ಯು ಜೆನ್ 3, 7540ಯು ಜೆನ್ 4. ಬಿ.ಇ. ಮಾಡುವ ಹುಡುಗಿಗೆ ಐ5 ಸಾಕು, ಉಳಿದ ದುಡ್ಡು 16 ಜಿಬಿಗೆ ಹೋಗಲಿ ಎಂದು ಒಂದೇ ಮಾತಿನಲ್ಲಿ ಹೇಳಿದೆ.

ನಾನು ಹಟ ಹಿಡಿದದ್ದು ಪರದೆಗಾಗಿ. ದುಡ್ಡು ಉಳಿಸಲು ಎಲ್ಲರೂ ಮೊದಲು ಕತ್ತರಿ ಹಾಕುವುದು ಅಲ್ಲೇ. ಆದರೆ ಯಂತ್ರ ಇರುವಷ್ಟು ಕಾಲ ಕಣ್ಣು ನೆಡಬೇಕಾದದ್ದೂ ಅಲ್ಲೇ. 15.6 ಇಂಚಿನ ಪರದೆಯಲ್ಲಿ 1366x768 ಚುಕ್ಕೆಗಳಿದ್ದರೆ ಒಂದು ಇಂಚಿಗೆ ಸುಮಾರು 100 ಚುಕ್ಕೆ. 1920x1080 ಇದ್ದರೆ 141. ಇಂಗ್ಲಿಷ್ ಅಕ್ಷರ ನೂರರಲ್ಲೂ ಹೇಗೋ ನಿಭಾಯಿಸುತ್ತದೆ. ಕನ್ನಡದ್ದು ಹಾಗಲ್ಲ. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಎರಡು ಒತ್ತು, ಒಂದು ದೀರ್ಘ. ಅವೆಲ್ಲ ಸಾಲಿನ ಕೆಳಗೆ, ಪಕ್ಕದಲ್ಲಿ ಪುಟ್ಟದಾಗಿ ಕೂರಬೇಕು. ಚುಕ್ಕೆ ಕಡಿಮೆಯಾದರೆ ಒತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅರ್ಕಾವತ್ತು ಮಸುಕಾಗುತ್ತದೆ, ಪ್ರೂಫ್ ನೋಡುವವರ ತಲೆ ನೋಯುತ್ತದೆ. ಹೊಳಪನ್ನೂ ನೋಡಬೇಕು. 250 ನಿಟ್ ಎಂದು ಬರೆದಿರುವ ಪರದೆ ಕೋಣೆಯೊಳಗೆ ಸರಿ. ಕಿಟಕಿಯ ಬೆಳಕಿಗೋ ಹಗಲು ಹೊತ್ತು ಜಗಲಿಗೋ ಬಂದರೆ ಅದರಲ್ಲಿ ನಮ್ಮ ಮುಖವೇ ಕಾಣುತ್ತದೆ. 300 ದಾಟಿದ್ದು ಸಿಗುವುದಾದರೆ ಅದಕ್ಕೆ ಹೆಚ್ಚು ಕೊಡಲು ಹಿಂಜರಿಯಬೇಡಿ.

ಕೀಬೋರ್ಡಿಗೆ ದೀಪ ಇರಲಿ. ನಮ್ಮ ಊರುಗಳಲ್ಲಿ ಕರೆಂಟು ಹೋಗುವ ಹೊತ್ತು ಎಲ್ಲರಿಗೂ ಗೊತ್ತು. ಕನ್ನಡಕ್ಕೆಂದು ಬೇರೆ ಕೀಬೋರ್ಡ್ ಬೇಕಿಲ್ಲ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸ ಇದೇ ಇಂಗ್ಲಿಷ್ ಕೀಲಿಗಳ ಮೇಲೆ ನಡೆಯುತ್ತದೆ, ಲಿನಕ್ಸ್‌ನಲ್ಲೂ ‘ಕಗಪ’ ಎಂಬ ಹೆಸರಿನಲ್ಲಿ ಸಿಗುತ್ತದೆ. ಬ್ಯಾಟರಿಯಲ್ಲಿ ಎರಡು ಅಳತೆ ಇದ್ದರೆ ದೊಡ್ಡದನ್ನೇ ಆರಿಸಿ. ವಾರಂಟಿ ಹೆಚ್ಚಿಸುವ ಮುನ್ನ ಎಂಜಿನಿಯರ್ ನಿಮ್ಮ ಪಿನ್‌ಕೋಡ್‌ಗೆ ಬರುತ್ತಾರೋ ಇಲ್ಲವೋ ಕೇಳಿ, ರ‍್ಯಾಮ್ ಹಾಕಿಸಿಕೊಂಡರೆ ವಾರಂಟಿ ಉಳಿಯುತ್ತದೆಯೇ ಎಂದೂ ಕೇಳಿ. 1 ಟಿಬಿ ಎಸ್‌ಎಸ್‌ಡಿ ಈಗಲೇ ಬೇಡ, 512 ತುಂಬಿದಾಗ ನೋಡೋಣ.

ಹುಡುಗಿ ಎರಡು ಮಾದರಿ ಆರಿಸಿಟ್ಟಿದ್ದಳು. ಇಬ್ಬರೂ ಕಂಪನಿಯ ತಾಣದಿಂದ ಎರಡರ ಸರ್ವೀಸ್ ಮ್ಯಾನ್ಯುಯಲ್ ಇಳಿಸಿಕೊಂಡೆವು. ತೆಳ್ಳಗಿದ್ದ, ಅವಳಿಗೆ ಇಷ್ಟವಾಗಿದ್ದ ಮಾದರಿಯ ಪುಸ್ತಕದಲ್ಲಿ ರ‍್ಯಾಮ್ ಬಿಚ್ಚುವ ಅಧ್ಯಾಯವೇ ಇರಲಿಲ್ಲ. ಸ್ವಲ್ಪ ದಪ್ಪದ್ದರಲ್ಲಿ ಚಿತ್ರ ಸಮೇತ ಎರಡು ಸ್ಲಾಟ್ ತೋರಿಸಿದ್ದರು. “ದಪ್ಪದ್ದೇ ಇರಲಿ ದೊಡ್ಡಮ್ಮ, ಮುಂದೆ ನಾನೇ ಬಿಚ್ತೀನಿ” ಎಂದಳು. ನನಗೆ ಹಿಗ್ಗಾಯಿತು.

ಫ್ರಾನ್ಸ್‌ನಲ್ಲಿ 2021ರ ಜನವರಿಯಿಂದ ಅಂಗಡಿಯ ಪ್ರತಿ ಲ್ಯಾಪ್‌ಟಾಪಿನ ಜೊತೆ, ಅದನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಎಂದು 10ಕ್ಕೆ ಇಷ್ಟು ಅಂಕ ಎಂಬ ಚೀಟಿ ಇರಬೇಕೆಂದು ಕಾನೂನಾಗಿದೆ. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿಗೆಂದೇ ಒಂದು ಪೋರ್ಟಲ್ ತೆರೆದಿದೆ. ಆ ಚೀಟಿ ನಮ್ಮ ಅಂಗಡಿಗಳಿಗೂ ಬರಲಿ. ಬರುವವರೆಗೆ ಕೊಳ್ಳುವವರೇ ಕೇಳಬೇಕು: ರ‍್ಯಾಮ್ ಬೆಸೆದದ್ದೋ, ಸ್ಲಾಟಿನದ್ದೋ? ಉತ್ತರ ಕೊಡದ ಕಡೆ ದುಡ್ಡು ಕೊಡಬೇಡಿ.