ನೋವಿಗೆ ತಿಳಿಯುವ ಮಾತು

ನನ್ನ ಮನೆ ಹಿಂದೂಪುರದಲ್ಲಿ, ಗುಮಾಸ್ತಿಕೆ ಕಲ್ಯಾಣದುರ್ಗದ ಒಂದು ಬ್ಯಾಂಕಿನಲ್ಲಿ. ಸೋಮವಾರ ನಸುಕಿಗೆ ಬಸ್ಸು ಹತ್ತಿದರೆ ಶನಿವಾರ ರಾತ್ರಿ ಮನೆ. ಹಗಲೆಲ್ಲ ಕೌಂಟರಿನಲ್ಲಿ ತೆಲುಗು, ಕಂಪ್ಯೂಟರಿನಲ್ಲಿ ಇಂಗ್ಲಿಷು. ರಾತ್ರಿ ಬಾಡಿಗೆ ಕೋಣೆಯಲ್ಲಿ ಮಗ್ಗುಲು ಬದಲಿಸುವಾಗ ಬಾಯಿಂದ ಬರುವ ನರಳಾಟ ಮಾತ್ರ ಕನ್ನಡ.

ನನ್ನ ಸೊಂಟನೋವಿಗೆ ಈಗ ಆರು ವರ್ಷ. ಮುಲಾಮು, ಮಾತ್ರೆ, ಪಟ್ಟಿ ಎಲ್ಲ ಆದವು. "ಆಪರೇಷನ್ ಬೇಡ, ವ್ಯಾಯಾಮ ಮಾಡಿ, ಹೊಂದಿಕೊಂಡು ಹೋಗಿ" ಎಂದರು ಡಾಕ್ಟರು. ಹೊಂದಿಕೊಂಡು ಹೋಗುವುದು ಗಡಿಯವರಿಗೆ ಹೊಸ ವಿದ್ಯೆಯೇನಲ್ಲ. ನಿಮ್ಮಲ್ಲಿ ಮಲಯಾಳದೊಡನೆ, ನಮ್ಮಲ್ಲಿ ತೆಲುಗಿನೊಡನೆ. ಆದರೆ ಸೊಂಟ ಆ ಪಾಠ ಕಲಿಯಲೊಲ್ಲದು.

ಯುಗಾದಿಗೆ ಬಂದ ಅಕ್ಕನ ಮಗ ಬೆಂಗಳೂರಿನಿಂದ ಒಂದು ಸಾಧನ ತಂದಿದ್ದ. ಕಣ್ಣು ಮುಚ್ಚುವಂತೆ ತಲೆಗೆ ಕಟ್ಟಿಕೊಳ್ಳುವ ದಪ್ಪ ಕನ್ನಡಕ, ವರ್ಚುವಲ್ ರಿಯಾಲಿಟಿಯಂತೆ. "ಮಾವ, ಹಾಕ್ಕೊಂಡು ಸುಮ್ನೆ ಕೂತ್ಕೊಳ್ಳಿ" ಎಂದ. ನಡುಮನೆ ಮಾಯವಾಗಿ ಸುತ್ತ ಸಮುದ್ರ! ಕಡಲ ಮಗ್ಗುಲಲ್ಲೇ ಇರುವ ನೀವು ನಗಬೇಡಿ, ನಮ್ಮದು ಮಳೆಗೂ ಬರ ಬಂದ ಸೀಮೆ. ಹತ್ತು ನಿಮಿಷ ಸೊಂಟ ನನ್ನದೆಂಬುದೇ ಮರೆತಿತ್ತು.

ಇದು ಮಾಟವಲ್ಲ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆ ಎಂದರು. ಮಿದುಳು ಬೇರೆಡೆ ತೊಡಗಿದರೆ ಮೇಲಿನಿಂದ ಅಪ್ಪಣೆ ಬಂದು ಆ ಬಾಗಿಲು ಅರ್ಧ ಮುಚ್ಚುತ್ತದೆ. ಚೆಕ್ಕು ಹಿಡಿದ ಸಾಲು ಎಷ್ಟೇ ಉದ್ದವಿರಲಿ, ಮ್ಯಾನೇಜರು ಕೌಂಟರು ಮುಚ್ಚಿಸಿದಂತೆ. ಅಮೆರಿಕದ ಸಿಯಾಟಲ್‌ನಲ್ಲಿ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಸುಟ್ಟಗಾಯದ ರೋಗಿಗಳಿಗೆ ಗಾಯ ತೊಳೆಯುವಾಗ ಇಂಥ ಕನ್ನಡಕದಲ್ಲಿ ಹಿಮದ ಲೋಕ ತೋರಿಸಿ ನೋವು ತಗ್ಗಿಸಿದರು. ಮುಂದೆ ಅದಕ್ಕೆ ಸಮ್ಮೋಹನವನ್ನೂ ಜೋಡಿಸಿದರು. 2021ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರವೇ ಬಹುಕಾಲದ ಸೊಂಟನೋವಿಗೆ ಇಂಥದೊಂದು ಸಾಧನವನ್ನು ಒಪ್ಪಿತು. ಅದರಲ್ಲಿರುವುದು ಉಸಿರು, ಗಮನ, ಸಡಿಲಿಕೆಗಳ 8 ವಾರದ ಅಭ್ಯಾಸ. ಪರೀಕ್ಷೆಯಲ್ಲಿ ನೋವು 30%ಕ್ಕಿಂತ ಹೆಚ್ಚು ಇಳಿಯಿತೆಂದವರು 66%. ಕನ್ನಡಕದಲ್ಲಿ ಬರಿಯ ಮಾಮೂಲಿ ಚಿತ್ರ ನೋಡಿದವರಲ್ಲೂ 41%. ಎಲ್ಲರಿಗೂ ಅಲ್ಲ, ಪೂರ್ತಿಯೂ ಅಲ್ಲ. ಆದರೂ ಸುಳ್ಳಲ್ಲ.

ನನಗೆ ತೊಡಕಾದದ್ದು ಅದರೊಳಗಿನ ದನಿ. ಅದು ಇಂಗ್ಲಿಷಿನಲ್ಲಿ "ಸಡಿಲಬಿಡಿ" ಎನ್ನುತ್ತಿತ್ತು. ನಾನು ಅದನ್ನು ಸಾಲದ ಅರ್ಜಿಯಂತೆ ಮನಸ್ಸಿನಲ್ಲೇ ಅನುವಾದಿಸುತ್ತಿದ್ದೆ. ಅನುವಾದಿಸುವವನ ಮೈ ಸಡಿಲವಾಗುವುದೆಂತು? "ಇದ್ರಲ್ಲಿ ಕನ್ನಡ ಇಲ್ವೇನೋ?" ಎಂದೆ. "ಇಲ್ಲ ಮಾವ. ಮಾತು ನಿಮ್ದೇ ಮಾಡ್ಕೊಳ್ಳಿ, ಚಿತ್ರ ಕಣ್ ಮುಚ್ಚಿದ್ರೆ ಬರುತ್ತೆ" ಎಂದು ಸಾಧನ ಕಟ್ಟಿಕೊಂಡು ಹೊರಟ.

ಒಂದು ಪುಟ ಬರೆದೆ. ಸಮುದ್ರ ಬಿಟ್ಟೆ. ಲೇಪಾಕ್ಷಿಯ ಗುಡಿಯ ಮಂಟಪ, ಬೆನ್ನಿಗೆ ತಂಪು ಕಲ್ಲು, ಎಣಿಸುತ್ತ ಬಿಡುವ ಉಸಿರು. ನನ್ನ ದನಿಯಲ್ಲೇ ಫೋನಿಗೆ ಓದಿದರೆ ಟೋಕನ್ ನಂಬರು ಕೂಗಿದಂತಿತ್ತು. ಮಗಳನ್ನು ಕೇಳಿದೆ. ಅವಳು ಓದಿದ್ದು ಇಂಗ್ಲಿಷು, ತೆಲುಗು. ಮನೆಯಲ್ಲಿ ಕನ್ನಡ ಆಡುತ್ತಾಳೆ, ಓದಲಾರಳು. ಕಲಿಸದೆ ಬಿಟ್ಟವನು ನಾನೇ. ವರ್ಗಾವಣೆ, ಪರೀಕ್ಷೆ, ನಾಳೆ ನೋಡೋಣ ಎಂದು. ಆ ರಾತ್ರಿ ನನ್ನ ಕನ್ನಡವನ್ನು ತೆಲುಗು ಲಿಪಿಯಲ್ಲಿ ನಾನೇ ನಕಲು ಮಾಡಿದೆ. ಬರೆಯುವಾಗ ನೊಂದದ್ದು ಸೊಂಟವಲ್ಲ.

ಓದುತ್ತ ನಡುವೆ ನಿಂತಳು. "ಸಡಿಲ ಅಂದ್ರೇನಪ್ಪಾ?"

"ವದುಲು" ಎಂದೆ ತೆಲುಗಿನಲ್ಲಿ.

ಈಗ ಪ್ರತಿ ರಾತ್ರಿ ಕಲ್ಯಾಣದುರ್ಗದ ಕೋಣೆಯಲ್ಲಿ ಅವಳ ದನಿ ಕೇಳುತ್ತ ಮಲಗುತ್ತೇನೆ. ನೋವು ಹೋಗಿಲ್ಲ, ಮೊದಲಿನಂತೆ ಗದರಿಸುವುದಿಲ್ಲ, ಅಷ್ಟೆ. ವ್ಯಾಯಾಮ ಬಿಟ್ಟಿಲ್ಲ. ಡಾಕ್ಟರಿಗೆ ಹೇಳಿಯೇ ರಾತ್ರಿಯ ಮಾತ್ರೆ ನಿಲ್ಲಿಸಿದೆ.

ಮಗಳು ಎರಡೂ ಲಿಪಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, "ಇವು ಅಕ್ಕ ತಂಗಿ ಇದ್ದಂಗವೆ" ಎಂದಳು. ಕಳೆದ ವಾರ ಫೋನಿಗೆ ಅವಳ ಮೊದಲ ಕನ್ನಡ ಓಲೆ ಬಂತು: "ಅಪ್ಪ ನೊವು ಕಮಿನಾ?"

ಒಂದು ದೀರ್ಘ ಕಡಿಮೆ, ಒಂದು ಒತ್ತಿಲ್ಲ. ತಿದ್ದಲಿಲ್ಲ. "ಕಮ್ಮಿ ಮಗಳೇ" ಎಂದು ಬರೆದೆ.